ಸೂರು ನೀರಿನ ಪಾಲು

ಇದು ಹೀಗೆಯೇ ನಡೆಯಿತು ಎಂದು ನಾನು ಆಣೆಯಿಟ್ಟು ಹೇಳಲಾರೆ. ಆ ಮಧ್ಯಾಹ್ನದ ಎರಡು ಚಿತ್ರಗಳು ನನ್ನ ತಲೆಯಲ್ಲಿವೆ. ಒಂದರಲ್ಲಿ ನಾನು ಅಂಗಳದಲ್ಲಿ ನಿಂತಿದ್ದೇನೆ. ಅಪ್ಪ ಮನೆಯ ಮಾಡಿನ ಮೇಲೆ ಕಾಲಗಲಿಸಿ ನಿಂತಿದ್ದಾನೆ, ಅವನ ಹಿಂದೆ ಕಪ್ಪು ಮೋಡ. ಇನ್ನೊಂದರಲ್ಲಿ ಚಿಕ್ಕಮ್ಮನ ಮುಖವಿದೆ. ಎಣ್ಣೆ ಹಚ್ಚಿ ತೆಗೆದ ನೇರ ಬೈತಲೆ, ಮೇಲಕ್ಕೆತ್ತಿದ ಗಲ್ಲ, ತೆರೆದ ಬಾಯಿ. ಆಗ ನನಗೆ ಹತ್ತು ವರ್ಷವಿರಬೇಕು, ಚಿಕ್ಕಮ್ಮನ ಭುಜಕ್ಕೂ ಬರುತ್ತಿರಲಿಲ್ಲ. ಅಂಗಳದಲ್ಲಿ ನಿಂತ ಹುಡುಗನಿಗೆ ಅವಳ ಬೈತಲೆ ಕಾಣುವುದು ಹೇಗೆ? ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು, ಎರಡು ಕಡೆ ನಿಂತು ನೋಡಿದೆ ಎನ್ನುವ ಸಾಕ್ಷಿಯನ್ನು ಎರಡೂ ಕಡೆಯಿಂದ ಓಡಿಸಿಬಿಡಿ ಎನ್ನುತ್ತಿದ್ದರು. ಬೇರೆಯವರ ಬರಹಗಳಲ್ಲಿ ಅಂಥ ಸಾಕ್ಷಿಗಳನ್ನು ಹಿಡಿದು ಓಡಿಸುವುದೇ ನನ್ನ ಕಸುಬಾಯಿತು. ನನ್ನದೇ ಸಾಕ್ಷಿಯನ್ನು ವಿಚಾರಿಸಲು ಮಾತ್ರ ಇಪ್ಪತ್ತು ವರ್ಷ ಬೇಕಾಯಿತು.

ನಮ್ಮ ಮನೆ ತುಮಕೂರಿನ ಮರಳೂರಿನ ಕೊನೆಯಲ್ಲಿತ್ತು. ಆಗ ಅಲ್ಲಿಗೆ ಚರಂಡಿ ಬಂದಿರಲಿಲ್ಲ, ಬೀದಿ ದೀಪ ಬಂದಿರಲಿಲ್ಲ, ನಲ್ಲಿಯ ಪೈಪು ಬಂದಿದ್ದರೂ ಅದರೊಳಗೆ ನೀರು ಬಂದಿರಲಿಲ್ಲ. ಗುಬ್ಬಿ ಕಡೆಯ ಹಳ್ಳಿಯಿಂದ ಬಂದ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಕಟ್ಟಿದ ಉದ್ದನೆಯ ಮನೆ. ಸಿಮೆಂಟು ಇಟ್ಟಿಗೆಯ ಗೋಡೆ, ಮೇಲೆ ತಗಡಿನ ಶೀಟು. ಮಾಡು ಒಂದೇ ಇಳಿಜಾರು, ಪಡುವಲಿಂದ ಮೂಡಲಿಗೆ. ಮಲಗಿದರೆ ಬೋಲ್ಟಿನ ತೂತುಗಳಲ್ಲಿ ಬಿಸಿಲು ನೂಲಿನಂತೆ ಇಳಿಯುವುದು ಕಾಣುತ್ತಿತ್ತು. ಮೂಡಲ ತುದಿಯಲ್ಲಿ ಅಡುಗೆಮನೆ, ನಡುವೆ ಎಲ್ಲರೂ ಮಲಗುವ ಹಜಾರ, ಪಡುವಲಲ್ಲಿ ದೇವರ ಗೂಡು ಮತ್ತು ಅಪ್ಪನ ಸಾಮಾನು. ಅಪ್ಪನ ಕೆಲಸ ತಗಡಿನದು. ಶಿರಾ ಗೇಟಿನಲ್ಲಿ ರಶೀದ್ ಸಾಬರ ಅಂಗಡಿಯಿತ್ತು. ಅಲ್ಲಿ ಅಪ್ಪ ತಗಡು ಕತ್ತರಿಸಿ, ಮಡಿಸಿ, ಬೆಸುಗೆ ಹಾಕಿ, ಮನೆಯ ಸೂರಿನ ಕೆಳಗೆ ಕಟ್ಟುವ ದೋಣಿ ಮಾಡುತ್ತಿದ್ದ. ಮಳೆ ನೀರು ಗೋಡೆಗೆ ಬೀಳದಂತೆ ಹಿಡಿದು ದೂರಕ್ಕೆ ಸಾಗಿಸುವ ದೋಣಿ. ಊರಿನ ಅರ್ಧದಷ್ಟು ಹೆಂಚಿನ ಮನೆಗಳಿಗೆ ತಾನೇ ಕಟ್ಟಿದ್ದು ಎಂದು ಹೇಳಿಕೊಳ್ಳುತ್ತಿದ್ದ. ನಮ್ಮ ಮನೆಗೆ ಮಾತ್ರ ಇರಲಿಲ್ಲ.

ಅಣ್ಣತಮ್ಮಂದಿರು ಬೇರೆಯಾದದ್ದು ಯಾವ ಜಗಳಕ್ಕೆ ಎಂದು ನನಗೆ ತಿಳಿಯದು. ಪಾಲು ಮಾಡಿದ ದಿನ ಚೆನ್ನಾಗಿ ನೆನಪಿದೆ, ಅಥವಾ ಎಷ್ಟೋ ಸಲ ಕೇಳಿ ಕೇಳಿ ನೆನಪಾಗಿದೆ. ಗುಬ್ಬಿಯ ಬಸ್ಸಿನಲ್ಲಿ ಇಬ್ಬರು ಯಜಮಾನರು ಬಂದರು. ಒಬ್ಬರ ಕೈಯಲ್ಲಿ ಅಳತೆಯ ಹಗ್ಗ. ಒರಳು ಇವರಿಗೆ, ರುಬ್ಬುಗುಂಡು ಅವರಿಗೆ ಎಂಬಷ್ಟು ಕಟ್ಟುನಿಟ್ಟು. ಹಜಾರದ ನಡುವೆ ಅಡ್ಡಗೋಡೆ ಎಬ್ಬಿಸುವುದು, ಪಡುವಲ ಅರ್ಧ ಒಬ್ಬರಿಗೆ, ಮೂಡಲ ಅರ್ಧ ಇನ್ನೊಬ್ಬರಿಗೆ ಎಂದಾಯಿತು. ಆಗ ಹಿರಿಯ ಯಜಮಾನರು ಹಳ್ಳಿಯ ನ್ಯಾಯ ಹೇಳಿದರು.

"ಸೂರು ನೀರು ಬೀಳೋ ಕಡೆ ಗೋಡೆ ಯಾವತ್ತಿದ್ರೂ ಕುಸಿಯೋದೇ ಕಣ್ರಪ್ಪ. ಮೂಡ್ಲ ಪಾಲು ತಗೊಂಡೋನಿಗೆ ಎರಡಡಿ ಜಾಗ ಜಾಸ್ತಿ ಕೊಡ್ಬೇಕು. ನೀನು ದೊಡ್ಡೋನು, ನೀನೇ ಮೊದ್ಲು ಹೇಳು."

"ನಂಗೆ ಒಣಗಿರೋ ಕಡೇನೇ ಸಾಕು ಯಜಮಾನ್ರೇ," ಅಂದ ಅಪ್ಪ.

"ಆಯ್ತು ಬುಡಣ್ಣ," ಅಂದ ಚಿಕ್ಕಪ್ಪ. "ನೆಂದಿರೋ ಗೋಡೆ ನಂಗಿರ್ಲಿ. ಮದ್ವೆ ಆದೋನ್ಗೆ ತಂಪಿದ್ರೆ ಒಳ್ಳೇದು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಜನ್ಮವೆಲ್ಲ ಬೇರೆಯವರ ಮನೆಯ ಸೂರು ನೀರನ್ನು ದೂರ ಸಾಗಿಸಿ ಅನ್ನ ತಿಂದವನಿಗೆ ಅದು ತೊಲಗಬೇಕಾದ ಪೀಡೆಯೇ ಹೊರತು ಬೇರೇನೂ ಆಗಿರಲಿಲ್ಲ. ತನ್ನ ಅರ್ಧ ಮಾಡಿನ ಮೇಲೆ ಬಿದ್ದ ಮಳೆಯೂ ಹರಿದು ತಮ್ಮನ ಬಾಗಿಲಿಗೇ ಇಳಿಯುತ್ತದೆ ಎಂಬುದು ಅವನಿಗೆ ಲಾಭವಾಗಿ ಕಂಡಿತ್ತು.

ಎರಡೇ ವರ್ಷದಲ್ಲಿ ನಮ್ಮ ಬೀದಿಯ ಬೋರಿನ ಕೈಪಂಪು ಕೆಸರು ಕಾರತೊಡಗಿತು. ಅದರ ಮುಂದೆ ಕೊಡಗಳ ಸಾಲು, ಸಾಲಿನಲ್ಲಿ ಜಗಳ. ನೀರಿಗಾಗಿ ಹೊಡೆದಾಡುವುದು ನಮಗೆ ದಿನದ ಕೆಲಸಗಳಲ್ಲಿ ಒಂದು. ಹಿತ್ತಾಳೆ ಬಿಂದಿಗೆಯಿಂದ ಒಬ್ಬಳು ಇನ್ನೊಬ್ಬಳ ಹಣೆ ಒಡೆದದ್ದು, ಪಂಪಿನ ಹಿಡಿ ಕಿತ್ತುಕೊಂಡು ಒಬ್ಬ ಗಂಡಸು ಬೀದಿಯುದ್ದಕ್ಕೂ ಅಟ್ಟಾಡಿಸಿದ್ದು, ಇವೆಲ್ಲ ನಾವು ಹುಡುಗರು ನಿಂತು ನೋಡುತ್ತಿದ್ದ ಆಟ. ಮನೆಯೊಳಗೂ ಅದೇ. ಮುಖ ತೊಳೆದ ನೀರನ್ನು ಬಚ್ಚಲಿಗೆ ಬಿಟ್ಟೆ ಎಂದು ಅಪ್ಪ ನನ್ನ ಕಾಲಿಗೆ ತಗಡಿನ ಪಟ್ಟಿಯಲ್ಲಿ ಬಾರಿಸಿದ್ದ. ಆ ನೀರು ಪಾತ್ರೆ ತೊಳೆಯಲು, ಪಾತ್ರೆ ತೊಳೆದದ್ದು ಕಕ್ಕಸಿಗೆ, ಕ್ರಮ ತಪ್ಪುವಂತಿರಲಿಲ್ಲ. ಏಟು ಬಿದ್ದ ಜಾಗಕ್ಕೆ ಅವ್ವ ಹಚ್ಚಿದ್ದು ಒಣ ಅರಿಶಿನ, ಕಲಸಲು ಹನಿ ನೀರು ಹಾಕಲಿಲ್ಲ ಎಂದು ನೆನಪು. ಅಷ್ಟು ಕಠೋರವಾಗಿದ್ದಳೇ ಅವಳು? ಕತೆಗೆ ಚೆನ್ನಾಗಿರಲಿ ಎಂದು ನಾನೇ ಸೇರಿಸಿರಬಹುದು.

ಚಿಕ್ಕಮ್ಮ ಕುಣಿಗಲ್ ಕಡೆಯವಳು. ಬಾಯಿ ಜೋರು, ಕೈ ಚುರುಕು. ಅವಳೇ ಮೊದಲು ಸೂರಿನ ಕೆಳಗೆ ಪಾತ್ರೆ ಇಟ್ಟದ್ದು. ಪಾತ್ರೆಯಿಂದ ಕೊಡ, ಕೊಡದಿಂದ ಗುಜರಿಯ ನೀಲಿ ಡ್ರಮ್ಮು. ಯಾರೋ ಎಸೆದಿದ್ದ ಪ್ಲಾಸ್ಟಿಕ್ ಪೈಪನ್ನು ಗರಗಸದಲ್ಲಿ ಉದ್ದುದ್ದಕ್ಕೆ ಸೀಳಿ, ತಂತಿಯಲ್ಲಿ ಸೂರಿಗೆ ಬಿಗಿದು, ಡ್ರಮ್ಮಿನ ಬಾಯಿಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಕಟ್ಟಿದಳು. ತಗಡಿನ ಕೆಲಸದವನ ತಮ್ಮನ ಮನೆಗೆ ಪ್ಲಾಸ್ಟಿಕ್ಕಿನ ದೋಣಿ! ವರ್ಷದ ಮೊದಲ ಮಳೆಯ ನೀರು ಹಿಡಿಯುತ್ತಿರಲಿಲ್ಲ. "ಮೊದ್ಲ ಮಳೆ ಕಾಗೇದು ಕಣೋ ಪರ್ಮೇಶ, ಅದು ಹೇತಿರೋದ ಅದೇ ತೊಳ್ಕಳ್ಳಿ," ಎಂದು ನನಗೆ ಹೇಳುತ್ತ ಪೈಪನ್ನು ತಿರುಗಿಸಿ ನೆಲಕ್ಕೆ ಬಿಡುತ್ತಿದ್ದಳು. ಆಮೇಲಿನ ಎಲ್ಲ ಮಳೆಯೂ ಅವಳದು. ಒಂದು ಡ್ರಮ್ಮು ಮೂರಾಯಿತು.

ಹೊಟ್ಟೆಕಿಚ್ಚು ನಮ್ಮ ಮನೆಗೆ ಬಂದದ್ದು ಬೇಳೆಯ ದಾರಿಯಿಂದ. ಬೋರಿನ ನೀರು ಗಡಸು. ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳಾಗಿ ಹಲ್ಲಿಗೆ ಸಿಗುತ್ತಿತ್ತು. ಅಡ್ಡಗೋಡೆಯ ಆಚೆ ಮಳೆ ನೀರಿನಲ್ಲಿ ಬೇಳೆ ಅರ್ಧ ಗಂಟೆಯಲ್ಲಿ ಕರಗಿ, ಸಾರಿನ ಒಗ್ಗರಣೆ ಗೋಡೆಯ ಮೇಲಿನ ಸಂದಿಯಿಂದ ನಮ್ಮ ಕಡೆಗೆ ಇಳಿಯುತ್ತಿತ್ತು. ಸೋಮವಾರ ಅಪ್ಪ ಒಪ್ಪೊತ್ತು. ಮೈಮೇಲೆ ಲಿಂಗವಿದ್ದವನು, ಪೂಜೆ ಮುಗಿಸಿ ಸಂಜೆಗೊಂದೇ ಊಟ. ಅಂಥ ಒಂದು ಸೋಮವಾರ ತಟ್ಟೆಯ ಮುಂದೆ ಕೂತು ಒಂದು ತುತ್ತು ಅಗಿದ, ಅಗಿದದ್ದನ್ನು ಅಂಗೈಗೆ ಉಗುಳಿ ನೋಡಿದ, ತಟ್ಟೆಯನ್ನು ಎತ್ತಿ ಅವ್ವನ ಮೇಲೆ ಎಸೆದ. ತಟ್ಟೆಯ ಅಂಚು ಅವಳ ಹುಬ್ಬಿನ ಮೇಲೆ ಬಿತ್ತು. ಅವಳು ಅಳಲಿಲ್ಲ. ಸೆರಗಿನಿಂದ ರಕ್ತ ಒತ್ತಿ ಹಿಡಿದು, ಪೂರಾ ಬೀದಿಗೆ ಕೇಳುವಂತೆ ಹೇಳಿದಳು:

"ನಿಮ್ ತಮ್ಮನ್ ಮನೇಲಿ ಬೇಳೆ ಬೆಂದೈತೆ, ಹೋಗಿ ಉಣ್ರಿ. ನಮ್ ಮಾಡಿನ್ ಮೇಲೆ ಬಿದ್ದ ನೀರೇ ಅದು. ಒಣಗಿರೋ ಕಡೆ ಬೇಕು ಅಂತ ಬಾಯ್ಬುಟ್ಟು ಕೇಳಿ ತಗೊಂಡ್ರಲ್ಲ, ಈಗ ಒಣಗಿ ಸಾಯ್ರಿ!"

ಇದೇ ಚಿಕ್ಕಮ್ಮ, ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ, ಅಡ್ಡಗೋಡೆಯ ಸಂದಿಯಿಂದ ಒಂದು ಚೊಂಬು ಮಳೆ ನೀರು ನನ್ನ ಕೈಗೆ ದಾಟಿಸುತ್ತಿದ್ದಳು. "ನಿಮ್ಮಪ್ಪನ ಪೂಜೆಗೆ. ನಾ ಕೊಟ್ಟೆ ಅನ್ಬೇಡ, ದೇವ್ರು ಮುನುಸ್ಕೊಂಡಾನು." ಅಪ್ಪ ಆ ನೀರಿನಿಂದಲೇ ಲಿಂಗ ತೊಳೆದು, ಅದೇ ಬಾಯಲ್ಲಿ ತಮ್ಮನನ್ನು ಬೈಯುತ್ತಿದ್ದ. ನೀರು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಆಗ ನಂಬಿದ್ದೆ.

ಅರ್ಧ ನೀರು ಕೊಡು ಎಂದು ಅಪ್ಪ ಕೇಳಿದ. ಪಾಲಿನ ಕಾಗದದಲ್ಲಿ ಎಲ್ಲಿ ಬರೆದಿದೆ ತೋರಿಸು ಎಂದ ಚಿಕ್ಕಪ್ಪ. ಆಗ ಅಪ್ಪ ತನ್ನ ಕಸುಬಿನ ಬುದ್ಧಿ ಓಡಿಸಿದ. ಅಡ್ಡಗೋಡೆಯ ಮೇಲೆ ನಾಲ್ಕು ವರಸೆ ಇಟ್ಟಿಗೆ ಏರಿಸಿ, ಪಡುವಲ ಗೋಡೆಯನ್ನು ಅಷ್ಟೇ ಇಳಿಸಿದರೆ ನಮ್ಮ ಅರ್ಧದ ಇಳಿಜಾರು ತಿರುಗುತ್ತದೆ, ನಮ್ಮ ಮಳೆ ನಮ್ಮ ಬಾಗಿಲಿಗೇ ಬೀಳುತ್ತದೆ. ಒಂದು ಭಾನುವಾರ ಏಣಿ ಹಾಕಿ ಹತ್ತಿ, ನಮ್ಮ ಕಡೆಯ ಶೀಟುಗಳ ಬೋಲ್ಟು ಬಿಚ್ಚತೊಡಗಿದ. ಕೊನೆಯ ಬೋಲ್ಟಿನ ಹೊತ್ತಿಗೆ ಚಿಕ್ಕಪ್ಪ ಸೌದೆಯ ಕೊರಡು ಹಿಡಿದು ಬಂದು ಏಣಿ ಎಳೆದ. ಅಪ್ಪ ಗೋಡೆಯಿಂದ ಹಾರಿ, ಬಿದ್ದು, ಎದ್ದ. ಕೊರಡು ಅಪ್ಪನ ಮೊಣಕಾಲಿಗೆ ಬಡಿದ ಸದ್ದು, ಅಪ್ಪನ ಸುತ್ತಿಗೆಯ ಕಾವಿಗೆ ಚಿಕ್ಕಪ್ಪನ ಮೂಗು ಮುರಿದ ಸದ್ದು, ಎರಡೂ ಬೇರೆ ಬೇರೆಯಾಗಿ ಈಗಲೂ ಕೇಳಿಸುತ್ತವೆ. ಈ ಜಗಳದ ಬಗ್ಗೆ ನನಗೆ ಅನುಮಾನವಿಲ್ಲ. ಇಡೀ ಬೀದಿ ನೋಡಿದೆ, ಚಿಕ್ಕಪ್ಪನ ಮೂಗು ಸಾಯುವವರೆಗೂ ಸೊಟ್ಟಗಿತ್ತು.

"ಶೀಟು ಮುಟ್ಟಿ ನೋಡ್ಲಾ ಇನ್ನೊಂದ್ಸಲ!" ರಕ್ತ ಉಗಿಯುತ್ತ ಚಿಕ್ಕಪ್ಪ ಕೂಗಿದ. "ಅಣ್ಣ ಅಂತ ನೋಡಲ್ಲ, ಸ್ಟೇಷನ್‌ಗೆ ಹಾಕುಸ್ತೀನಿ."

ಬಿಚ್ಚಿದ ಶೀಟುಗಳು ಹಾಗೆಯೇ ಉಳಿದವು. ಗಾಳಿಗೆ ಹಾರದಿರಲಿ ಎಂದು ಅಪ್ಪ ನನ್ನನ್ನೂ ಹತ್ತಿಸಿಕೊಂಡು ಅವುಗಳ ಮೇಲೆ ಕಲ್ಲು ಹೇರಿದ. ಮಳೆ ಒಳಗಿಳಿಯದಿರಲು ಮೇಲಿನ ಶೀಟಿನ ಅಂಚು ಕೆಳಗಿನ ಶೀಟಿನ ಮೇಲೆ ಕೂರುವಂತೆ ಜೋಡಿಸಿರುತ್ತಾರೆ. ಹಾಗಾಗಿ ನಮ್ಮ ಕಡೆಯ ಶೀಟುಗಳು ಚಿಕ್ಕಪ್ಪನ ಕಡೆಯವುಗಳ ಮೇಲೆ ಹಾಯ್ದು ಕೂತಿದ್ದವು. ಕಲ್ಲು ತೆಗೆದು ಯಾರಾದರೂ ನೂಕಿದರೆ ಶೀಟು ಎತ್ತ ಹೋಗುತ್ತದೆ ಎಂಬುದಕ್ಕೆ ದೊಡ್ಡ ಓದೇನೂ ಬೇಕಿಲ್ಲ.

ಹದಿನೈದು ದಿನದ ಮೇಲೆ ಆ ಮಧ್ಯಾಹ್ನ. ಮೋಡ ಕವಿದಿತ್ತು, ದೂಳು ಎದ್ದಿತ್ತು. ಅವ್ವ ಎರಡು ಕೊಡ ಹಿಡಿದು ಸೀದಾ ಚಿಕ್ಕಪ್ಪನ ಸೂರಿನ ಕೆಳಗೆ ಹೋಗಿ ನಿಂತಳು.

"ಅಕ್ಕಾ, ಒಳ್ಳೆ ಮಾತಲ್ಲಿ ಹೋಗು," ಅಂದಳು ಚಿಕ್ಕಮ್ಮ. "ಅವ್ರು ಬಂದ್ರೆ ನಿನ್ನೂ ಬುಡಲ್ಲ, ನನ್ನೂ ಬುಡಲ್ಲ."

"ಅರ್ಧ ನೀರು ನಂದು ಕಣೇ. ನಿನ್ ತೌರಿಂದ ತಂದ್ಯೇನೆ ಮಳೇನ?"

"ತೌರ್ ಸುದ್ದಿ ತೆಗೀಬೇಡ!"

ಒಬ್ಬಳು ಕೊಡ ಎಳೆದಳು, ಇನ್ನೊಬ್ಬಳು ಬಿಡಲಿಲ್ಲ. ಅವ್ವ ಚಿಕ್ಕಮ್ಮನ ಜಡೆ ಹಿಡಿದು ತಲೆಯನ್ನು ಡ್ರಮ್ಮಿಗೆ ಗುದ್ದಿದಳು. ಖಾಲಿ ಡ್ರಮ್ಮು ನಗಾರಿಯಂತೆ ಸದ್ದು ಮಾಡಿತು. ಚಿಕ್ಕಮ್ಮ ಕೈಗೆ ಸಿಕ್ಕ ಕೊಡದ ಕಂಠದಿಂದ ಅವ್ವನ ಬಾಯಿಗೆ ಬೀಸಿದಳು. ಅವ್ವ ಕೆಳಗೆ ಬಿದ್ದಳು, ಅವಳ ಗಲ್ಲದ ಮೇಲೆಲ್ಲ ರಕ್ತ. ಚಿಕ್ಕಮ್ಮ ಇನ್ನೊಮ್ಮೆ ಕೊಡ ಎತ್ತಿದಳು. ಇಲ್ಲಿಯವರೆಗೆ ಒಂದೇ ಚಿತ್ರ. ಇಲ್ಲಿಂದ ಎರಡು. ತಗಡು ತಗಡಿನ ಮೇಲೆ ಜಾರುವ ಕಿರುಚು ಎರಡರಲ್ಲೂ ಇದೆ. ಶೀಟು ಮಾಡಿನುದ್ದಕ್ಕೂ ಜಾರಿ ಸೂರಿನಿಂದ ಹೊರಗೆ ಬಂತು. ಚಿಕ್ಕಮ್ಮ ತಲೆ ಎತ್ತಿ, ಕೊಡ ಬಿಟ್ಟು, ಬಲಗೈ ಅಡ್ಡ ಹಿಡಿದಳು. ತಗಡಿನ ಅಂಚು ಅಂಗೈಯನ್ನು ಬೆರಳುಗಳ ಬುಡದಲ್ಲಿ ಮೂಳೆಯವರೆಗೆ ಸೀಳಿತು. ಆಮೇಲೆ ಮಳೆ ಬಂತು. ಸೀಳಿದ ಪೈಪಿನಿಂದ ಡ್ರಮ್ಮಿಗೆ ನೀರು ಸುರಿಯುತ್ತಲೇ ಇತ್ತು, ಅದರ ಬಾಯಿಗೆ ಕಟ್ಟಿದ್ದ ಸೀರೆ ಕೆಂಪಗಿತ್ತು.

ಸಂಜೆಯ ಹೊತ್ತಿಗೆ ಚಿಕ್ಕಪ್ಪ ಪೇದೆಯನ್ನು ಕರೆತಂದ. ಶೀಟು ನೂಕಿದ್ದು ಯಾರು ಎಂಬ ಪ್ರಶ್ನೆಗೆ ಅಪ್ಪ, "ನಾನೇ," ಅಂದ. ಠಾಣೆಯಲ್ಲಿ ಮೂರು ದಿನ ಇಟ್ಟುಕೊಂಡರು. ಅಷ್ಟರಲ್ಲಿ ಚಿಕ್ಕಮ್ಮ ಆಸ್ಪತ್ರೆಯಲ್ಲಿ, ಗಾಳಿಗೆ ಶೀಟು ಜಾರಿತು, ಯಾರದೂ ತಪ್ಪಿಲ್ಲ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಬಿಟ್ಟಿದ್ದಳು. ಎಡಗೈಯ ಹೆಬ್ಬೆಟ್ಟು. ಅದರಿಂದ ಕೇಸು ಆಗಲಿಲ್ಲ. ಆದರೆ ಆಗಬೇಕಾದ್ದೆಲ್ಲ ಠಾಣೆಯೊಳಗೆ ಆಗಿಹೋಗಿತ್ತು. ರಶೀದ್ ಸಾಬರು ಅಪ್ಪನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಂದರು. ಅಂಗಾಲು ಊದಿ ಬಣ್ಣ ತಿರುಗಿ, ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಊತ ಇಳಿಯಿತು, ಆದರೆ ಏಣಿಯ ಮೆಟ್ಟಿಲಿನ ಮೇಲೆ ಅಂಗಾಲು ಊರಲು ಅವನಿಗೆ ಮತ್ತೆಂದೂ ಆಗಲಿಲ್ಲ. ದೋಣಿ ಕಟ್ಟುವ ಕೆಲಸ ಬೇರೆಯವರ ಪಾಲಾಯಿತು. ಅವನು ಅಂಗಡಿಯಲ್ಲೇ ಕೂತು ಕೊಳವೆ, ಹಂಡೆಯ ಮುಚ್ಚಳ ಮಾಡಿಕೊಂಡಿದ್ದ. ಚಿಕ್ಕಮ್ಮನ ಎರಡು ಬೆರಳು ಮಡಿಸಲಾಗದಂತೆ ನಿಂತವು. ಮುದ್ದೆ ಕಟ್ಟಲು ಅವಳ ಕೈ ಬರದೆ, ಆ ಮನೆಯಲ್ಲಿ ಚಿಕ್ಕಪ್ಪನೇ ಕಟ್ಟುತ್ತಿದ್ದ. ವರ್ಷ ಕಳೆಯುವುದರೊಳಗೆ ಅವರು ತಮ್ಮ ಪಾಲು ಮಾರಿ ಕುಣಿಗಲ್ಲಿಗೆ ಹೋದರು. ನಮ್ಮ ಬೀದಿಯಲ್ಲಿ ಆಮೇಲೆ ಪಾಲಾದ ಮನೆಗಳ ಕಾಗದದಲ್ಲಿ ಸೂರು ನೀರಿಗೂ ಒಂದು ಸಾಲು ಬರೆಯುವುದು ರೂಢಿಯಾಯಿತು.

ನಾನು ಓದಿದೆ. ಓದಿದಷ್ಟೂ ಅಪ್ಪನ ಮೇಲೆ ಅಸಹ್ಯ ಬೆಳೆಯಿತು. ಬಿ.ಎ. ಎರಡನೇ ವರ್ಷದಲ್ಲಿ ಒಮ್ಮೆ ಯಾವುದೋ ಮಾತಿಗೆ ಅವನು ಅವ್ವನ ಮೇಲೆ ಕೈ ಎತ್ತಿದಾಗ, ಆ ಕೈಯನ್ನು ಹಿಡಿದು ತಿರುಚಿ ಗೋಡೆಗೆ ಒತ್ತಿದೆ.

"ಹೆಂಗಸಿನ ಕೈ ಕತ್ತರಿಸಿದೋನು ನೀನು. ನಿಂಗೆ ಹುಟ್ಟಿದ್ದೀನಿ ಅಂತ ಹೇಳ್ಕೊಳ್ಳೋಕೇ ನಾಚ್ಕೆ ಆಗ್ತೈತೆ."

ಅವನು ಬಿಡಿಸಿಕೊಳ್ಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಕೈ ಬುಡು ಮಗ, ನೋಯ್ತದೆ," ಅಂದ. ಅದಾದ ಮೂರನೆಯ ವರ್ಷ ತೀರಿಕೊಂಡ. ನಾನು ಈ ಕತೆಯನ್ನು ಗೆಳೆಯರಿಗೆ, ಹೆಂಡತಿಗೆ, ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಪ್ರತಿ ಸಲವೂ ಮಾಡಿನ ಮೇಲೆ ಅಪ್ಪನೇ ಇದ್ದ.

ಇನ್ನಷ್ಟು ವರ್ಷಗಳ ಮೇಲೆ ನಮ್ಮ ಬೀದಿಗೆ ಮಳೆ ನೀರಿನ ಕೊಯ್ಲು ಕಲಿಸಲು ಯಾವುದೋ ಸಂಸ್ಥೆಯ ಹುಡುಗನೊಬ್ಬ ಬಂದ. ಡ್ರಮ್ಮು, ಬಲೆ, ಸೀಳಿದ ಪೈಪು, ಮೊದಲ ಮಳೆಯನ್ನು ಹೊರಗೆ ಬಿಡುವ ಉಪಾಯ. "ಇದು ನಿಮಗೆಲ್ಲ ಹೊಸದು, ಭಯ ಪಡಬೇಡಿ," ಅಂದ ಆ ಹುಡುಗ. ಹೆಂಗಸರು ಸೆರಗಿನಲ್ಲಿ ನಕ್ಕರು. ತೋರಿಸಲೆಂದು ಅವನು ಒಂದು ಮಾಡಿನ ಮೇಲೆ ನಿಂತು ಕೆಳಗೆ ನೋಡಿ ಮಾತಾಡುತ್ತಿದ್ದ. ನಾನು ಅವನನ್ನು ಕೆಳಗಿನಿಂದ ನೋಡುತ್ತಿದ್ದೆ. ಅವನ ಕಣ್ಣಿಗೆ ಈ ಹೆಂಗಸರೆಲ್ಲರ ಬೈತಲೆಗಳು ಕಾಣುತ್ತಿರಬೇಕು ಎಂದು ಆಗ ಹೊಳೆಯಿತು. ಅಂದೇ ಸಂಜೆ ಅವ್ವನನ್ನು ಕೇಳಿದೆ.

"ಶೀಟು ಬಿದ್ದಾಗ ನಾನೆಲ್ಲಿದ್ದೆ?"

"ನೀನು ಸ್ಕೂಲಿಗೋಗಿದ್ದೆ ಕಣೋ. ಎಲ್ಲ ಮುಗುದ್ಮೇಲೆ ಬಂದೆ."

"ಯಾವ ಮಳೇಲಿ ಅದು?"

"ಭರಣಿ ಮಳೆ. ಆ ವರ್ಷದ್ದು ಎರಡ್ನೇದು."

ಭರಣಿ ಮಳೆ ಬರುವುದು ಬೇಸಿಗೆ ರಜೆಯಲ್ಲಿ. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಆ ವಾರವೇ ಕುಣಿಗಲ್ಲಿಗೆ ಹೋದೆ. ಚಿಕ್ಕಪ್ಪ ಆಗಲೇ ತೀರಿಕೊಂಡಿದ್ದ. ಚಿಕ್ಕಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ನೆಟ್ಟಗೆ ನಿಂತ ಎರಡು ಬೆರಳು ಬಿಟ್ಟು ಉಳಿದವುಗಳಲ್ಲಿ. ನಾನು ಕೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗಾಳಿ ಕಣಪ್ಪ. ಅವತ್ತೂ ಅದೇ ಹೇಳಿದ್ದೀನಿ, ಇವತ್ತೂ ಅದೇ."

"ನೀನು ತಲೆ ಎತ್ತಿ ನೋಡ್ದೆ ಚಿಕ್ಕಮ್ಮ."

"ನಾ ಎಲ್ಲಿ ನೋಡ್ದೆ? ನಿಮ್ಮವ್ವನ್ ಬಾಯಿ ಮುರಿಯೋದ್ರಲ್ಲಿದ್ದೆ." ಆಮೇಲೆ ನಕ್ಕಳು. "ಇಷ್ಟೆಲ್ಲ ಓದ್ಕೊಂಡು ಗಾಳೀನ ಹುಡುಕ್ಕೊಂಡ್ ಬಂದಿದ್ದೀಯಲ್ಲೋ ಮಂಕೆ. ಉಂಡ್ಕೊಂಡು ಹೋಗು."

ಉಂಡೆ. ಬೇಳೆ ಬೆಂದಿತ್ತು. ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನಲು ನನ್ನ ಬಳಿ ಇದ್ದದ್ದು ನನ್ನದೇ ಎರಡನೆಯ ಚಿತ್ರ ಮಾತ್ರ. ಅದನ್ನೇ ಅಲ್ಲವೇ ನಾನು ವಿಚಾರಣೆಗೆ ನಿಲ್ಲಿಸಿದ್ದು?

ಕೊನೆಗೆ ಶಿರಾ ಗೇಟಿಗೆ ಹೋದೆ. ರಶೀದ್ ಸಾಬರಿಗೆ ಕಣ್ಣು ಮಂಜಾಗಿತ್ತು, ಅಂಗಡಿಯನ್ನು ಮಗ ನೋಡುತ್ತಿದ್ದ. ನಾನು ಯಾಕೆ ಬಂದೆ ಎಂದು ಹೇಳಲಿಲ್ಲ. ಅಪ್ಪನ ಕಾಲು ಕೆಟ್ಟ ವರ್ಷದ ಬಗ್ಗೆ ಏನಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ.

"ನೆನಪಿಲ್ದೆ ಏನು ಬೇಟಾ? ಇಲ್ಲೇ, ನನ್ ಮುಂದೆ ಕುಂತು ಬೆಸುಗೆ ಹಾಕ್ತಿದ್ದ. ಸೈಕಲ್ ಮೇಲೆ ಒಬ್ಬ ಬಂದ, ನಿಮ್ಮನೇತಾವ ರಕ್ತ ಬಿದ್ದೈತೆ, ಶೀಟು ಕುಯ್ದೈತೆ ಅಂದ. ನಿಮ್ಮಪ್ಪ ಎದ್ನಲ್ಲ, ಮೊದ್ಲು ಕೇಳಿದ್ದು ಏನು ಗೊತ್ತಾ? ನನ್ ಮಗ ಕೆಳಗಿಳಿದ್ನಾ ಅಂತ."

ಸಾಬರು ದನಿ ತಗ್ಗಿಸಿದರು.

"ಆಮೇಲೆ ಸ್ಟೇಷನ್‌ಗೆ ಹೋದೆ ನಾನು, ಈ ಮನುಷ್ಯ ನನ್ ಅಂಗ್ಡೀಲಿದ್ದ ಸಾಮಿ ಅಂತ ಹೇಳೋಕೆ. ಲಾಕಪ್ ಒಳಗಿಂದ ನನ್ನೇ ನೋಡ್ತಾ ಎರಡೂ ಕೈ ಮುಗ್ದ, ಬೇಡ ಅಂತ. ನಾನು ಹೇಳ್ಲಿಲ್ಲ ಬೇಟಾ. ಹೇಳ್ಬೇಕಿತ್ತೋ ಏನೋ."

ಮುದುಕರ ನೆನಪನ್ನು ನಂಬಬಾರದು ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಅವ್ವ ಒಲೆಯ ಮುಂದಿದ್ದಳು. ಈ ಸಲ ಬೇರೆ ಪ್ರಶ್ನೆ ಕೇಳಿದೆ. ಅವತ್ತು ಅಪ್ಪನನ್ನು ಕರೆಯಲು ಯಾರು ಹೋಗಿದ್ದರು?

"ಕೆಳಗಿನ್ ಮನೆ ಶಂಕ್ರ, ಸೈಕಲ್ ತಗೊಂಡು ಶಿರಾ ಗೇಟಿಗೆ..." ಎಂದವಳು ಅಲ್ಲಿಗೇ ನಿಂತಳು. ಸೌಟು ಕೈಯಲ್ಲೇ ಇತ್ತು. ನನ್ನ ಕಡೆ ತಿರುಗಲಿಲ್ಲ.

ಶಂಕರ ಈಗ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ಅವನನ್ನೂ ಕೇಳಿದೆ. ಮೂವರೂ ಬೇರೆ ಬೇರೆಯಾಗಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ, ಒಂದನ್ನೇ ಹೇಳಿದರು. ಶೀಟು ಬಿದ್ದ ಹೊತ್ತಿನಲ್ಲಿ ಅಪ್ಪ ಮನೆಯಲ್ಲಿರಲಿಲ್ಲ.